ಅವಧಿಗೆ ಮುಂಚೆ ಹುಟ್ಟಿದ ನನ್ನ ಅವಳಿ ಮೊಮ್ಮಕ್ಕಳು, ನಾವು ಹೊತ್ತ ಹರಕೆ: ನನ್ನ ಅನುಭವ

ಎನ್‌ಐಸಿಯು, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದ ಬಾಗ್ಲಲ್ಲಿ ಕೂತಿರೋ ಅಜ್ಜಿಯರಿಗೆ ಅಂತಾನೇ ಇದನ್ನ ಬರೀತಿದೀನಿ. ನಮ್ಮ ಕಡೆ ಬಾಣಂತನ ಅಂದ್ರೆ ತವರುಮನೆ ಜವಾಬ್ದಾರಿ, ಅಂಥಾ ಹೊತ್ನಲ್ಲಿ ಡಾಕ್ಟ್ರು ಹೇಳಿದ್ದು ಮಗಳಿಗೆ ಅರ್ಧ ತಲೆಗೆ ಹೋಗುತ್ತೆ ಅಳಿಯಂಗೆ ಅರ್ಧ ಹೋಗುತ್ತೆ, ಪೂರ್ತಿ ಕೇಳಿಸ್ಕೊಂಡು ನೆನಪಿಟ್ಟು ಮಾಡ್ಬೇಕಾದವಳು ಅಜ್ಜಿನೇ.

ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ 37 ವಾರ ತುಂಬೋದ್ರೊಳಗೇ ಹುಟ್ತವೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರಿಂದ, ಏಳು ತಿಂಗಳಿಗೆ ಬೀಳ್ತಿದ್ದಂಗೆ ಮಗಳನ್ನ ಚಳ್ಳಕೆರೆ ಕಡೆಯ ಅವಳ ಗಂಡನ ಊರಿಂದ ದಾವಣಗೆರೆಗೆ ಕರ್ಕೊಂಡು ಬಂದಿದ್ವಿ. 31 ವಾರಕ್ಕೇ ನೋವು ಶುರುವಾಯ್ತು. ಮಕ್ಕಳ ಶ್ವಾಸಕೋಶ ಬೇಗ ಬಲೀಲಿ ಅಂತ ಅವಳಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ರು, ಹೆಸ್ರು ಕೇಳಿ ಬೀಗರು ಗಾಬರಿಯಾದ್ರು, ಆದ್ರೆ ಅವಧಿಗೆ ಮುಂಚೆ ಹೆರಿಗೆ ಆಗೋ ಹಂಗಿದ್ರೆ ಮಕ್ಕಳಿಗೆ ಅದ್ರಷ್ಟು ಉಪಕಾರ ಮಾಡೋದು ಇನ್ನೊಂದಿಲ್ಲ, ಡಾಕ್ಟ್ರು ಕೊಡ್ತೀವಿ ಅಂದ್ರೆ ಬೇಡ ಅನ್ಬೇಡ್ರಿ. ಗಂಡು 1.4 ಕೆಜಿ, ಹೆಣ್ಣು 1.2 ಕೆಜಿ. ಆ ಹೆಣ್ಣು ಕೂಸಿನ ತೊಡೆ ನನ್ನ ಹೆಬ್ಬೆಟ್ಟಿನಷ್ಟು ದಪ್ಪ ಇತ್ತು.

ಮೊದಲನೇ ವಾರ ನೋಡೋಕಾಗಲ್ಲ. ಮೂಗಿಗೆ ಉಸಿರಾಟಕ್ಕೆ ಗಾಳಿ ಒತ್ತೋ ಸಿ-ಪ್ಯಾಪ್, ಬಾಯಿಗೆ ಹಾಲಿನ ಟ್ಯೂಬು, ಕಾಮಾಲೆಗೆ ನೀಲಿ ಲೈಟು, ಕಣ್ಣಿಗೆ ಪಟ್ಟಿ. ಇಷ್ಟು ಬೇಗ ಹುಟ್ಟಿದ ಮಕ್ಕಳು ಉಸಿರಾಡೋದನ್ನೇ ನಡುವೆ ಮರ್ತುಬಿಡ್ತವೆ, ಆಗ ಮಿಷನ್ನು ಕೂಗುತ್ತೆ, ಸಿಸ್ಟರ್ ಬಂದು ಅಂಗಾಲು ತಟ್ಟಿದ್ರೆ ಮತ್ತೆ ಉಸಿರು. ಅದಕ್ಕೆ ಕೊಡೋ ಔಷಧಿ ಕೆಫೀನು, ಕಾಫಿಯಲ್ಲಿ ಇರುತ್ತಲ್ಲ ಅದೇ!

ಬೀಗಿತ್ತಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಒಕ್ಕಲು. ಮಕ್ಕಳು ಹುಟ್ಟಿದ ದಿನವೇ, ಎರಡೂ ಉಳಿದ್ರೆ ಜಾತ್ರೆಗೆ ಬಂದು ಕೊಬ್ಬರಿ ಸುಡ್ತೀವಿ ಅಂತ ಹರಕೆ ಹೊತ್ಕೊಂಡ್ರು. ನಾನೂ ಕೈ ಮುಗಿದೆ. ಆದ್ರೆ ಸ್ವಾಮಿಯ ಮಾತೇ ಐತಲ್ಲ, 'ಮಾಡಿದಷ್ಟು ನೀಡು ಭಿಕ್ಷೆ' ಅಂತ. ಬರಗಾಲದ ಸೀಮೆಯಲ್ಲಿ ಜನರ ಕೈಲಿ ಕೆರೆ ಕಟ್ಟಿಸಿದ ಸ್ವಾಮಿ ಅವ್ನು, ಸುಮ್ನೆ ಕೂತು ಕೇಳೋರಿಗೆ ಕೊಡೋನಲ್ಲ. ಬೀಗಿತ್ತಿಗೆ ಅದನ್ನೇ ಹೇಳ್ದೆ, ಹರಕೆ ಇರ್ಲಿ ಅಕ್ಕ, ಡಾಕ್ಟ್ರು ಹೇಳಿದ್ದನ್ನ ಕೈಯಾರೆ ಮಾಡಣ, ಅದೂ ಅವನ ಸೇವೆನೇ ಅಂತ.

ಮಾಡೋ ಕೆಲಸ ಸಿಕ್ಕಿದ್ದು ಕಾಂಗರೂ ಆರೈಕೆ ಶುರುವಾದಾಗ. ಮಗೂನ ಬರೀ ಡೈಪರು, ಟೋಪಿ, ಕಾಲುಚೀಲದಲ್ಲಿ ನಮ್ಮ ಬರಿ ಎದೆಗೆ ನೆಟ್ಟಗೆ ಒರಗಿಸಿ ಬಟ್ಟೆಯಿಂದ ಕಟ್ಕೊಳ್ಳೋದು. 1978ರ ಹೊತ್ನಲ್ಲಿ ಕೊಲಂಬಿಯಾ ದೇಶದ ಬೊಗೋಟದಲ್ಲಿ ಕೂಸುಗಳನ್ನ ಬೆಚ್ಚಗಿಡೋ ಮಿಷನ್ನು ಸಾಲದೇ ಇದ್ದಾಗ ಡಾಕ್ಟರ್ ಎಡ್ಗರ್ ರೇ ಅನ್ನೋರು ಶುರು ಮಾಡಿದ್ದಂತೆ, ಈಗ ಮಿಷನ್ನು ಇರೋ ಕಡೆನೂ ದಿನಕ್ಕೆ 8 ರಿಂದ 24 ಗಂಟೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ಮಗಳಿಗೆ ಸಿಜೇರಿಯನ್ ಆಗಿತ್ತು, ಮಕ್ಕಳು ಎರಡು, ಎದೆ ಒಂದು. ಅಜ್ಜಿ ಮಾಡಬಹುದಾ ಅಂತ ಕೇಳ್ದೆ. ಮಾಡ್ರಿ ಅಜ್ಜಿ, ಅಪ್ಪನೂ ಮಾಡಬಹುದು ಅಂದ್ರು ಸಿಸ್ಟರು.

ಮಾಂಗಲ್ಯ, ಬಳೆ ತೆಗೆದಿಡಿ, ಮಗೂಗೆ ಒತ್ತುತ್ತೆ ಅಂದ್ರು. ತೆಗೆದೆ. ಆದ್ರೆ ನನ್ನ ಎದೆ ಮೇಲೆ ಇಷ್ಟಲಿಂಗ ಐತೆ, ದೀಕ್ಷೆ ಆದಾಗಿಂದ ಮೈಬಿಟ್ಟು ತೆಗೆದಿಲ್ಲ. ಬೆಳ್ಳಿ ಕರಡಿಗೆ ಬಿಚ್ಚಿ ಮನೆಯವರ ಕೈಗೆ ಕೊಟ್ಟು, ಲಿಂಗವನ್ನ ಮಡಿವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಕೊಂಡೆ, ಎದೆ ಪೂರ್ತಿ ಕೂಸಿಗೆ ಖಾಲಿ ಮಾಡ್ದೆ. ಹಂಗೆ ಮಾಡಬಹುದಾ ಅಂತ ಬೀಗಿತ್ತಿ ಕೇಳಿದ್ರು. ಮೈಮೇಲೇ ಐತಲ್ಲ ಅಂದೆ. ಆಮೇಲೆ ಅವರೇ ಕೈಕಾಲು ತೊಳ್ಕೊಂಡು ಬಂದು ಗಂಡು ಕೂಸನ್ನ ಕಟ್ಟಿಸ್ಕೊಂಡ್ರು, ಮಗಳು ಹಾಲು ಹಿಂಡೋಕೆ ಹೋದಾಗ ನಾವಿಬ್ರೂ ಬೀಗಿತ್ತಿಯರು ಅಕ್ಕಪಕ್ಕದ ಕುರ್ಚಿಯಲ್ಲಿ ಒಂದೊಂದು ಕೂಸು ಎದೆಗೆ ಹಾಕ್ಕೊಂಡು ಓಂ ನಮಃ ಶಿವಾಯ ಅಂತ ಮೆಲ್ಲಗೆ ಹೇಳ್ತಿದ್ವಿ. ಕೂತ್ರೆ ಒಂದು ಗಂಟೆಗಿಂತ ಮುಂಚೆ ಏಳಬಾರದು, ಪದೇ ಪದೇ ಎತ್ತಿ ಇಳಿಸಿದ್ರೆ ಮಗೂಗೆ ಆಯಾಸ. ಮೂಗು ಮುಚ್ಚದ ಹಂಗೆ ಮುಖ ಒಂದು ಪಕ್ಕಕ್ಕಿರ್ಬೇಕು, ಕತ್ತು ಮುಂದಕ್ಕೆ ಬಾಗಬಾರದು, ಇದನ್ನ ಮಾತ್ರ ಬಿಡದೆ ನೋಡ್ಕೊಳ್ರಿ. ಸೀರೆ ರವಿಕೆಯಲ್ಲಿ ಕಷ್ಟ, ಮುಂದೆ ಬಟನ್ ಇರೋ ನೈಟಿ ಒಳ್ಳೇದು.

ಹಾಲಿನ ವಿಷ್ಯ. ಇಂಥಾ ಮಕ್ಕಳಿಗೆ ತಾಯಿ ಹಾಲೇ ಔಷಧಿ, ಚೀಪೋಕೆ ಶಕ್ತಿ ಇರಲ್ಲ, ಅದಕ್ಕೆ ರಾತ್ರಿನೂ ಸೇರಿ ಎರಡು ಮೂರು ಗಂಟೆಗೊಮ್ಮೆ ಹಿಂಡಲೇಬೇಕು. ಮಗಳು ಅಳ್ತಾ, ಬರ್ತಾನೇ ಇಲ್ಲ ಅವ್ವ ಅಂತಿದ್ಲು, ಮೊದಮೊದಲು ಕೆಲವೇ ಹನಿ, ಆ ಹಳದಿ ಹಾಲನ್ನ ಒಂದು ತೊಟ್ಟೂ ಚೆಲ್ಲಲಿಲ್ಲ ನಾವು. ಸಬ್ಬಸಿಗೆ ಸೊಪ್ಪಿನ ಪಲ್ಯ, ಬಿಸಿ ರೊಟ್ಟಿ, ಬೆಳ್ಳುಳ್ಳಿ ಕಟ್ಕೊಂಡು ಹೋಗ್ತಿದ್ದೆ. ಟ್ಯೂಬ್ ತೆಗೆದ ಮೇಲೆ ಪಾಲಾಡದಲ್ಲಿ ಕುಡಿಸೋದು ಕಲಿಸಿದ್ರು, ಅದು ನಮ್ಮ ಒಳಲೆ ತರದ್ದೇ, ನನಗೆ ಕೈ ಪಳಗಿತ್ತು.

ಮನೆಗೆ ಬಂದ ಮೇಲೆ ನೆಂಟರಿಷ್ಟರ ಸಲಹೆ ತಡಿಯೋದೇ ದೊಡ್ಡ ಕೆಲಸ. ಜೇನುತುಪ್ಪ ನೆಕ್ಸು, ಬಜೆ ತೇದು ಹಾಕು, ಮೂಗಿಗೆ ಎಣ್ಣೆ ಬಿಡು, ಸಾಂಬ್ರಾಣಿ ಹೊಗೆ ಹಿಡಿ, ಇದ್ಯಾವ್ದೂ ಮಾಡ್ಲಿಲ್ಲ. ನನ್ನ ಮೂರು ಮಕ್ಕಳಿಗೂ ಇದೆಲ್ಲಾ ಮಾಡ್ದೋಳು ನಾನೇ, ಆದ್ರೆ ಅವು ತುಂಬಿದ ತಿಂಗಳಿಗೆ ಹುಟ್ಟಿದ ಮಕ್ಕಳು, ಇವುಗಳ ಶ್ವಾಸಕೋಶ ಹೊಗೆ ತಡಿಯಲ್ಲ. ದೃಷ್ಟಿ ತೆಗೆಯೋದು ಮಾತ್ರ ಬಿಡ್ಲಿಲ್ಲ, ನಿವಾಳಿಸಿ ಹೊರಗೆ ಒಯ್ದು ಸುಟ್ವಿ. ತೊಟ್ಟಿಲು ಶಾಸ್ತ್ರ ಮುಂದಕ್ಕೆ ಹಾಕಿದ್ವಿ, ಜನ ಸೇರಿದ್ರೆ ಸೋಂಕು. ಬೀಗಿತ್ತಿಗೆ ಬೇಜಾರಾಗಿತ್ತು, ಕಿವಿಯಲ್ಲಿ ಹೆಸ್ರು ಹೇಳಿಬಿಡ್ರಿ ಅಕ್ಕ, ಊಟ ಆಮೇಲೆ ಹಾಕಿಸಣ ಅಂದೆ, ಒಪ್ಪಿದ್ರು.

ಕಣ್ಣಿನ ಪರೀಕ್ಷೆ ಮರೀಬೇಡ್ರಿ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಮ್ಮಿ ಇರೋ ಮಕ್ಕಳಿಗೆ ಒಂದು ತಿಂಗಳೊಳಗೆ ಆರ್‌ಒಪಿ ಪರೀಕ್ಷೆ ಮಾಡಿಸ್ಲೇಬೇಕು, ಕಣ್ಣಿನ ಒಳಪದರದ ರಕ್ತನಾಳ ಸರಿಯಾಗಿ ಬೆಳೀದಿದ್ರೆ ದೃಷ್ಟಿನೇ ಹೋಗುತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ನಮ್ಮ ಹೆಣ್ಣು ಕೂಸಿಗೆ ಲೇಸರ್ ಮಾಡಿದ್ರು, ಟೈಮಿಗೆ ಹೋಗಿದ್ರಿಂದ ಈಗ ದೀಪ ಕಂಡ್ರೆ ನಗ್ತಾಳೆ. ಕಿವಿ ಪರೀಕ್ಷೆನೂ ಮಾಡಿಸ್ರಿ.

ಇನ್ನೂ ಕತ್ತು ನಿಂತಿಲ್ವಾ, ಮಗುಚಿಲ್ವಾ ಅಂತ ಕೇಳೋರಿಗೆ ಒಂದೇ ಉತ್ತರ ಇಟ್ಕೊಂಡೀನಿ. ಇವು 40 ವಾರಕ್ಕೆ 9 ವಾರ ಮುಂಚೆ ಬಂದ ಮಕ್ಕಳು, ಎರಡು ವರ್ಷ ತುಂಬೋವರೆಗೂ ಅಷ್ಟನ್ನ ಕಳೆದೇ ವಯಸ್ಸು ಎಣಿಸ್ಬೇಕು. ಲಸಿಕೆಗೆ ಮಾತ್ರ ಹುಟ್ಟಿದ ತಾರೀಖೇ ಲೆಕ್ಕ.

ಹರಕೆ ತೀರಿಸಿದ್ದು ಬೀಗರು. ಫಾಲ್ಗುಣದ ಜಾತ್ರೆಗೆ ಹೋಗಿ ಕೊಬ್ಬರಿ ಸುಟ್ಟು ಬಂದ್ರು. ಅಷ್ಟು ಜನ, ಅಷ್ಟು ಹೊಗೆಯಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋದು ಬೇಡ ಅಂತ ಈ ಸಲ ಹೇಳಿದ್ದು ನಾನಲ್ಲ, ಬೀಗಿತ್ತಿನೇ.