ತೋಟ ಆಮೇಲೆ, ಮೊದಲು ಹಾಸಿಗೆ ನೋಡಿ

ನಮ್ಮ ದೊಡ್ಡವ್ವನಿಗೆ 74. ಬಳ್ಳಾರಿಯ ಹಳೇ ಮನೆಯಲ್ಲಿ ಒಬ್ಬಳೇ ಇದ್ದಳು. ಮಗ ಬೆಂಗಳೂರಿನಲ್ಲಿ, ಮಗಳು ಹೈದರಾಬಾದಿನಲ್ಲಿ. ಎಲ್ಲರೂ ಕೂಡಿ ಹಿರಿಯರಿಗಾಗಿಯೇ ಕಟ್ಟಿದ ಒಂದು ವಸತಿ ಸಮುಚ್ಚಯ ನೋಡಲು ಹೋದೆವು. ತೋಟ, ಗುಡಿ, ಭಜನೆ ಹಾಲ್, ವಾಕಿಂಗ್ ಟ್ರ್ಯಾಕ್ ಎಲ್ಲ ತೋರಿಸಿದರು. ಕಾಫಿ ಕೊಟ್ಟರು. ದೊಡ್ಡವ್ವ ಕೇಳಿದ್ದು ಒಂದೇ ಮಾತು: "ನಾ ಬಿದ್ದು ಹಾಸಿಗಿ ಹಿಡದ್ರ ಎಲ್ಲಿ ಮಲಗಿಸ್ತೀರಿ ತಮ್ಮಾ? ಆ ರೂಮ್ ತೋರಿಸು." ಹುಡುಗ ಕೈಯಲ್ಲಿದ್ದ ಬ್ರೋಷರ್ ಮುಂದೆ ಹಿಂದೆ ತಿರುವಿದ. ಅಂಥ ರೂಮೇ ಅಲ್ಲಿರಲಿಲ್ಲ.

ಆಮೇಲಿನಿಂದ ನಾವು ನೋಡುವ ಕ್ರಮವನ್ನೇ ತಿರುಗಿಸಿಬಿಟ್ಟೆವು. ಕೊನೆಗೆ ಬೇಕಾಗುವುದನ್ನು ಮೊದಲು ನೋಡುವುದು. ನೀವೂ ಹಾಗೇ ಮಾಡಿ.

ಹಂತ 1: ಬೋರ್ಡ್ ಬಿಟ್ಟು ಸೇವೆ ನೋಡಿ

ವೃದ್ಧಾಶ್ರಮ ಬೇರೆ, ಇದು ಬೇರೆ. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ, ಜಿಲ್ಲೆಗೆ ಒಂದಾದರೂ ಎಂಬಂತೆ, ಕನಿಷ್ಠ 150 ಜನಕ್ಕೆ ಜಾಗ ಇರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ತೆರೆಯಬಹುದು ಎನ್ನುತ್ತದೆ. ಅದು ಗತಿಯಿಲ್ಲದ ಹಿರಿಯರಿಗೆ. ನಾವಿಲ್ಲಿ ಮಾತಾಡುತ್ತಿರುವುದು ದುಡ್ಡು ಕೊಟ್ಟು ಸೇರುವ ಜಾಗದ ಬಗ್ಗೆ.

ಇಲ್ಲಿ ಮೂರು ಥರದ ಸೇವೆ ಇರುತ್ತದೆ. ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುವವರಿಗೆ ಬರೀ ಮನೆ, ಊಟ. ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳಲು, ಮಾತ್ರೆಗೆ ಆಸರೆ ಬೇಕಾದವರಿಗೆ ಆಯಾ. ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆಯವರಿಗೆ ಹಗಲು ರಾತ್ರಿ ನರ್ಸ್. ಮೂರನೆಯದು ಇಲ್ಲವೆಂದರೆ ಅದು ಸುಮ್ನೆ ಒಂದು ಅಪಾರ್ಟ್‌ಮೆಂಟ್, ಅಷ್ಟೇ. "ದೊಡ್ಡ ಆಸ್ಪತ್ರೆ ಜೊತೆ ಟೈ ಅಪ್ ಇದೆ" ಅಂತಾರೆ. ಆಸ್ಪತ್ರೆ ಚಿಕಿತ್ಸೆ ಕೊಟ್ಟು ಡಿಸ್ಚಾರ್ಜ್ ಮಾಡುತ್ತದೆ. ಅದರ ಮರುದಿನ ಗಂಜಿ ಕುಡಿಸುವವರು ಯಾರು? ಅದನ್ನು ಕೇಳಿ.

ಹಂತ 2: ಮಲಗಿದವರ ವಾರ್ಡಿಗೆ ಹೋಗಿ

ಹೇಳದೆ ಹೋಗಿ. ಭಾನುವಾರ ಮಧ್ಯಾಹ್ನ ಆದರೆ ಇನ್ನೂ ಒಳ್ಳೆಯದು, ಸಿಬ್ಬಂದಿ ಕಡಿಮೆ ಇರುವ ಹೊತ್ತು ಅದು. ಬಾಗಿಲಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿ. ಮೂತ್ರದ ವಾಸನೆ ಹೊಡೆಯುತ್ತಿದ್ದರೆ ಉಳಿದ ಪ್ರಶ್ನೆಗಳನ್ನು ಕೇಳುವುದೇ ಬೇಡ.

ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿಗೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಚೆನ್ನಾಗಿ ನೋಡಿಕೊಳ್ಳುವ ಕಡೆ ಹಾಸಿಗೆ ಪಕ್ಕ ಒಂದು ಚಾರ್ಟ್ ತೂಗುತ್ತಿರುತ್ತದೆ: ಎಷ್ಟು ಗಂಟೆಗೆ, ಯಾವ ಮಗ್ಗುಲು, ಯಾರ ಸಹಿ. ನಾವು ನೋಡಿದ ಒಂದು ಕಡೆ ಚಾರ್ಟ್ ಇತ್ತು, ಆದರೆ ಸಂಜೆ ಆರರವರೆಗಿನ ಸಹಿಯೆಲ್ಲ ಬೆಳಿಗ್ಗೆಯೇ ಹಾಕಿಯಾಗಿತ್ತು! ಗಡಿಯಾರ ನೋಡಿಕೊಂಡು ಚಾರ್ಟ್ ಓದಿ.

ರಾತ್ರಿ ಎಷ್ಟು ಜನಕ್ಕೆ ಎಷ್ಟು ನರ್ಸ್ ಎಂದು ಕೇಳಿ. ಹಗಲಿನ ಲೆಕ್ಕ ಬೇಡ. ಬಚ್ಚಲಲ್ಲಿ ಕಮೋಡ್ ಪಕ್ಕ ಹಿಡಿಕೆ ಇದೆಯಾ, ನೆಲ ಜಾರುತ್ತದಾ ಎಂದು ನೋಡಿ. ವೀಲ್ ಚೇರ್ ಸಲೀಸಾಗಿ ಹೋಗಲು ಬಾಗಿಲು ಮೂರಡಿ ಇರಬೇಕು. ರ್‍ಯಾಂಪ್ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾದದ್ದು ಫೋಟೋಗೆ ಮಾತ್ರ.

ಗಂಡ ಹೆಂಡತಿ ಇಬ್ಬರೂ ಹೋಗುವವರಿದ್ದರೆ ಇನ್ನೊಂದು ಪ್ರಶ್ನೆ. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ಅದೇ ಕಾಂಪೌಂಡಿನಲ್ಲಿ ಇರಬಹುದಾ? ಆಗ ಎರಡು ರೂಮಿನ ದುಡ್ಡು ಕಟ್ಟಬೇಕಾ?

ಹಂತ 3: ಯಾವ ಊರು?

ಇಂಥ ಸಮುಚ್ಚಯಗಳು ಬೆಂಗಳೂರು, ಮೈಸೂರು, ಕೊಯಮತ್ತೂರು ಕಡೆ ಜಾಸ್ತಿ. ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ದಾರಿ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಮೊದಲು ಯಾರು ತಲುಪುತ್ತಾರೋ ಅವರ ಊರಿನ ಹತ್ತಿರ ನೋಡಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆಯೇ ನೋಡುವುದಾದರೆ ಮೇ ತಿಂಗಳಲ್ಲಿ ನೋಡಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಕರೆಂಟ್ ಹೋದಾಗ ಜನರೇಟರ್ ಲಿಫ್ಟಿಗೂ ಏರ್ ಬೆಡ್ಡಿಗೂ (ಬೆನ್ನು ಹುಣ್ಣಾಗದಂತೆ ಹಾಕುವ ಗಾಳಿ ಹಾಸಿಗೆ) ಓಡುತ್ತದಾ, ನಲ್ಲಿ ನೀರು ಬರದ ದಿನ ಏನು ಮಾಡುತ್ತಾರೆ, ಅಲ್ಲೇ ಗೊತ್ತಾಗುತ್ತದೆ.

ಹಂತ 4: ದುಡ್ಡು, ಕಾಗದ

ಮನೆ ಕೊಳ್ಳುವುದು, ಡೆಪಾಸಿಟ್ ಕೊಟ್ಟು ಲೀಸ್, ತಿಂಗಳ ಬಾಡಿಗೆ ಎಂದು ಮೂರು ದಾರಿ ಇವೆ. ಇನ್ನೂ ಕಟ್ಟುತ್ತಿರುವುದನ್ನು ಕೊಳ್ಳುವುದಾದರೆ ರೇರಾ (ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ನೀವೇ ರೇರಾ ವೆಬ್‌ಸೈಟಿನಲ್ಲಿ ಹುಡುಕಿ.

ತಿಂಗಳ ಖರ್ಚು ವರ್ಷಕ್ಕೆ ಎಷ್ಟು ಏರುತ್ತದೆ ಎಂಬುದು ಅಗ್ರಿಮೆಂಟಿನಲ್ಲಿ ಇರಲೇಬೇಕು. ಈಗ 30,000 ಇದೆ ಅಂದುಕೊಳ್ಳಿ. ವರ್ಷಕ್ಕೆ ಶೇ 8 ಏರಿದರೆ ಒಂಬತ್ತೇ ವರ್ಷಕ್ಕೆ 60,000. ಪೆನ್ಷನ್ ಅಷ್ಟು ಬೇಗ ಏರುವುದಿಲ್ಲ, ಅಲ್ವಾ? ಡೈಪರ್, ಫಿಸಿಯೋಥೆರಪಿ, ಆಂಬುಲೆನ್ಸ್ ಬಿಲ್ಲು ಬೇರೆನಾ ಎಂದೂ ಕೇಳಿ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದ ಖರ್ಚಿಗೆ, ತಿಂಗಳುಗಟ್ಟಲೆ ಆಯಾ ಇಟ್ಟುಕೊಳ್ಳುವ ಖರ್ಚಿಗೆ ಅಲ್ಲ.

ಅಗ್ರಿಮೆಂಟಿನಲ್ಲಿ ನಾನು ಮೊದಲು ಹುಡುಕುವುದು ಯಾವಾಗ ಹೊರಗೆ ಕಳಿಸುತ್ತಾರೆ ಎಂಬ ಸಾಲು. ನಮ್ಮ ಓಣಿಯ ಮೇಷ್ಟ್ರೊಬ್ಬರು ಸೊಂಟದ ಮೂಳೆ ಮುರಿದು ಆಪರೇಷನ್ ಮುಗಿಸಿ ಬಂದರೆ, ಅವರಿದ್ದ ಕಡೆಯವರು "ಹದಿನೈದು ದಿನದಲ್ಲಿ ಕರಕೊಂಡು ಹೋಗಿ" ಅಂದರಂತೆ. ಸ್ವಂತ ಓಡಾಡುವವರಿಗೆ ಮಾತ್ರ ಎಂದು ಹನ್ನೊಂದನೇ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಬಿಟ್ಟು ಹೋದರೆ, ತೀರಿಕೊಂಡರೆ ಡೆಪಾಸಿಟ್ ಯಾರಿಗೆ, ಎಷ್ಟು ದಿನದಲ್ಲಿ, ಎಷ್ಟು ಮುರಿದುಕೊಂಡು ವಾಪಸ್ ಎಂಬುದನ್ನೂ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಮತ್ತೊಂದು ಮಾತು. ಖರ್ಚು ಮಕ್ಕಳು ನೋಡಿಕೊಳ್ಳುತ್ತಾರೆಂದು ಊರಿನ ಮನೆಯನ್ನು ಅವರಿಗೆ ದಾನಪತ್ರ ಮಾಡಿಕೊಡುವವರಿದ್ದಾರೆ. ಹಾಗೆ ಮಾಡುವುದಾದರೆ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಕಾಯ್ದೆಯ 23ನೇ ಕಲಮಿನಡಿ ಪತ್ರ ರದ್ದು ಮಾಡಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಹಂತ 5: ಒಂದು ತಿಂಗಳು ಇದ್ದು ನೋಡಲಿ

ಡೆಪಾಸಿಟ್ ಕಟ್ಟುವ ಮೊದಲು ಬಾಡಿಗೆ ಕೊಟ್ಟು ಒಂದು ತಿಂಗಳು ಇರಲು ಕೇಳಿ. ಒಪ್ಪದವರನ್ನು ಪಟ್ಟಿಯಿಂದ ತೆಗೆಯಿರಿ. ಆ ತಿಂಗಳಲ್ಲಿ ಮಗ ಸೊಸೆಗಿಂತ ಜಾಸ್ತಿ ಮಾತಾಡಬೇಕಾದವರು ಅಲ್ಲಿ ಈಗಾಗಲೇ ಇರುವ ಹಿರಿಯರು, ಅದೂ ಮ್ಯಾನೇಜರ್ ಹತ್ತಿರ ಇಲ್ಲದಾಗ. ರಾತ್ರಿ ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಅವರಿಗೆ ಗೊತ್ತು.

ದೊಡ್ಡವ್ವ ಮೂರನೇ ಜಾಗದಲ್ಲಿ ಇದ್ದು ನೋಡಿದಳು. ನಾಲ್ಕನೇ ದಿನ ಫೋನ್ ಬಂತು. "ನರ್ಸ್ ಹುಡುಗಿ ಚಲೋ ಅದಾಳ, ಕನ್ನಡ, ತೆಲುಗು ಎರಡೂ ಬರ್ತಾವ. ಆದ್ರ ರೊಟ್ಟಿ ಅಂತ ಹೇಳಿ ಚಪಾತಿ ಕೊಡ್ತಾರ ನೋಡು." ಮ್ಯಾನೇಜರ್ ಜೊತೆ ಅವಳೇ ಮಾತಾಡಿ ವಾರಕ್ಕೆ ಎರಡು ದಿನ ಜೋಳದ ರೊಟ್ಟಿ, ಪುಂಡಿಪಲ್ಯ ಎಂದು ಒಪ್ಪಿಸಿದಳು. ಅವಳ ಅಗ್ರಿಮೆಂಟಿನಲ್ಲಿ ಅದು ಕೊನೆಯ ಸಾಲು, ಪೆನ್ನಿನಲ್ಲಿ ಬರೆದದ್ದು, ಪಕ್ಕದಲ್ಲಿ ಇಬ್ಬರ ಸಹಿ.