ಘಾತಾಂಕದ ಲೆಕ್ಕ ಮಗಳಿಗೆ ಹೇಳ್ಕೊಟ್ಟಿದ್ದು: ನನ್ನ ಅನುಭವ

ನನ್ನ ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಓದಿದ್ದೆಲ್ಲ ಕನ್ನಡ ಮೀಡಿಯಂ, ಅವಳು ಎಕ್ಸ್‌ಪೊನೆಂಟ್ ಅಂದ್ರೆ ಓ ಘಾತಾಂಕನಾ (2³ ರಲ್ಲಿ 2ರ ತಲೆ ಮೇಲೆ ಕೂತಿರೋ ಚಿಕ್ಕ 3, ಅಂದ್ರೆ ಮೂರು ಎರಡನ್ನ ಒಂದಕ್ಕೊಂದು ಗುಣಿಸು ಅಂತ) ಅಂತ ಹೊಳೆಯೋಕೇ ಸ್ವಲ್ಪ ಹೊತ್ತು ಬೇಕಾಯ್ತು. ಆವತ್ತು ಹೋಮ್‌ವರ್ಕ್ ನೋಡಿದ್ರೆ 2³ × 2² ಕ್ಕೆ 2⁶ ಅಂತ ಬರೆದಿದ್ಲು, ಅದರ ಕೆಳಗೆ 2⁰ = 0, ಇನ್ನೂ ಕೆಳಗೆ 2⁻³ = −8. ಮೂರೂ ತಪ್ಪು. ನಿಯಮ ಗೊತ್ತಿಲ್ವೇನೆ ಅಂದ್ರೆ ಗಡಗಡ ಅಂತ ಎಲ್ಲಾನೂ ಒಪ್ಪಿಸಿದ್ಲು, ಟ್ಯೂಷನ್‌ನಲ್ಲಿ ಚಾರ್ಟ್ ಕೊಟ್ಟು ಬಾಯಿಪಾಠ ಮಾಡಿಸಿದಾರೆ, ಆದ್ರೆ ಲೆಕ್ಕ ಮುಂದೆ ಬಂದಾಗ ಎಲ್ಲಿ ಕೂಡ್ಬೇಕು ಎಲ್ಲಿ ಗುಣಿಸ್ಬೇಕು ಅನ್ನೋದೇ ಕಲಸಿಹೋಗುತ್ತೆ.

ಮೊದ್ಲು ಬಿಡಿಸಿ ಬರೆಸಿದೆ. 2×2×2, ಪಕ್ಕದಲ್ಲಿ 2×2, ಒಟ್ಟು ಎಷ್ಟು ಎರಡು ಇದಾವೆ ಎಣಿಸು ಅಂದೆ. ಐದು ಅಂದ್ಲು, 2⁵ ಅಂತ ತಿದ್ದಿದ್ಲು. ಮಾರನೇ ದಿನ ಮತ್ತೆ ಅದೇ ತಪ್ಪು.

ಆಗ ಹಳೇ ನ್ಯೂಸ್‌ಪೇಪರ್‌ದು ಒಂದು ದೊಡ್ಡ ಹಾಳೆ ತಗೊಂಡು ಇಬ್ರೂ ನೆಲದ ಮೇಲೆ ಕೂತ್ವಿ. ಒಂದ್ಸಲ ಮಡಚಿದ್ರೆ 2 ಪದರ, ಎರಡನೇ ಸಲ 4, ಮೂರನೇ ಸಲ 8. ಇನ್ನೆರಡು ಸಲ ಮಡಚು ಅಂದೆ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮಡಚ್ತಾ 16, 32 ಅಂದ್ಲು. ಒಟ್ಟು ಎಷ್ಟು ಸಲ ಮಡಚಿದೆ ಅಂದೆ. ಐದು. ಒಂದು ನಿಮಿಷ ಸುಮ್ನಿದ್ದು, "ಅಮ್ಮಾ, ಪದರ ಗುಣಿಸ್ತಾ ಹೋಗುತ್ತೆ, ಮಡಿಕೆ ಬರೀ ಕೂಡ್ತಾ ಹೋಗುತ್ತೆ ಅಲ್ವಾ" ಅಂದ್ಲು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಒಲೆ ಮೇಲಿದ್ದ ಹಾಲು ಮರೆತೇಹೋಯ್ತು.

ಅಲ್ಲಿಂದ ಮುಂದೆ ಸಲೀಸು. ಎರಡು ಮಡಿಕೆ ಬಿಚ್ಚಿದ್ರೆ 32 ಇದ್ದಿದ್ದು 8, ಅಂದ್ರೆ 2⁵ ÷ 2² = 2³. ಮೂರು ಮಡಿಕೆ ಹಾಕೋ ಕೆಲಸ ಎರಡು ಸಲ ಮಾಡಿದ್ರೆ (2³)², ಅವಳು ಬರೆದಿದ್ದ 2⁶ ಸೇರಬೇಕಾದ ಜಾಗ ಅದು. ಪೂರ್ತಿ ಬಿಚ್ಚಿಬಿಟ್ರೆ ಮಡಿಕೆ ಸೊನ್ನೆ, ಆದ್ರೆ ಹಾಳೆ ಮಾಯ ಆಗಲ್ವಲ್ಲ, ಒಂದು ಪದರ ಇದ್ದೇ ಇದೆ, ಅದಕ್ಕೇ 2⁰ = 1. ಋಣ ಘಾತಾಂಕಕ್ಕೆ, ಅಂದ್ರೆ ಮೈನಸ್ ಇರೋದಕ್ಕೆ, ಅದೇ ಹಾಳೆನ ಮೂರು ಸಲ ಅರ್ಧರ್ಧ ಹರಿದುಹಾಕಿಸಿದೆ. ಅರ್ಧ, ಕಾಲು, ಎಂಟನೇ ಒಂದು ಭಾಗ. ಕೈಯಲ್ಲಿ ಉಳಿದ ಚೂರು ಚಿಕ್ಕದಾಯ್ತೇ ಹೊರತು ಮೈನಸ್ ಆಗ್ಲಿಲ್ಲ, 2⁻³ ಅಂದ್ರೆ 1/8 ಅಂತ ಅವಳೇ ತಿದ್ಕೊಂಡ್ಲು.

ಆಧಾರ, ಅಂದ್ರೆ ಘಾತಾಂಕದ ಕೆಳಗಿರೋ ಸಂಖ್ಯೆ, ಬೇರೆ ಇದ್ರೆ ಘಾತಾಂಕ ಕೂಡಂಗಿಲ್ಲ ಅನ್ನೋದನ್ನ ಮಾತ್ರ ಬೆಲೆ ಹಾಕಿಸೇ ತೋರಿಸ್ಬೇಕಾಯ್ತು, 2³ × 3² ಅಂದ್ರೆ 8 × 9 = 72, ಅವಳ ಉತ್ತರ 6⁵ ಅಂದ್ರೆ 7776, ಎಲ್ಲಿಂದೆಲ್ಲಿಗೆ!

ಈಗ್ಲೂ −2⁴ (ಅಂದ್ರೆ −16) ಮತ್ತೆ (−2)⁴ (ಅಂದ್ರೆ 16) ಹತ್ರ ಎಡವ್ತಾಳೆ. ಅದಕ್ಕೆ ಪೇಪರ್ ಮಡಚೋದು ಕೆಲಸಕ್ಕೆ ಬರಲ್ಲ, ಹಾಗಾಗಿ ದಿನಾ ಎರಡು ಲೆಕ್ಕ ಬಿಡಿಸಿ ಬರೆಸ್ತೀನಿ, ಘಾತಾಂಕ ಯಾವುದರ ತಲೆ ಮೇಲೆ ಕೂತಿದೆ ಅಂತ ಬೆರಳಿಟ್ಟು ತೋರಿಸಿದ ಮೇಲೇನೇ ಪೆನ್ಸಿಲ್ ಕೊಡೋದು.