ಮಾರ್ಬಲ್ ನೆಲದ ಪ್ಯಾಸೇಜ್‌ಗೆ ಮೆಡಿಟರೇನಿಯನ್ ಸಿಂಗಾರ

ಇಟಲಿ, ಸ್ಪೇನ್, ಗ್ರೀಸ್‌ ಕರಾವಳಿಯ ಮನೆಗಳ ಸೊಗಸಿಗೆ ಮೂರೇ ಆಧಾರ: ಸುಣ್ಣದ ಗೋಡೆ, ತಿಳಿಬಣ್ಣದ ಕಲ್ಲಿನ ನೆಲ, ಕಪ್ಪು ಕಬ್ಬಿಣದ ಕೆಲಸ. ನೆಲಕ್ಕೆ ದುಬಾರಿ ಮಾರ್ಬಲ್ ಹಾಕಿಸಿ, ಗೋಡೆಗೆ ಹೊಳೆಯುವ ಪೇಂಟ್ ಬಳಿದರೆ ಎಲ್ಲವೂ ಕೆಡುತ್ತದೆ. ನೆಲ ಹೊಳೆಯುತ್ತಿದ್ದರೆ ಗೋಡೆ ಹೊಳೆಯಬಾರದು.

ಹಂತ 1: ನೆಲದ ರಕ್ಷಣೆ

ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು 10–15 ನಿಮಿಷ ಕಾಯಿರಿ. ಒರೆಸಿದ ಜಾಗ ಕಪ್ಪಾಗಿ ಕಂಡರೆ ಕಲ್ಲು ನೀರು ಹೀರುತ್ತಿದೆ ಎಂದರ್ಥ. ಒಳಗೆ ಇಳಿಯುವ ಬಗೆಯ ಸೀಲರ್ (ಕಲ್ಲು ನೀರು, ಕಲೆ ಹೀರದಂತೆ ತಡೆಯುವ ದ್ರವ) ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಬಿಟ್ಟು, ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಮಸುಕು ಪೊರೆ ಕಟ್ಟುತ್ತದೆ. ಮೇಲ್ಪದರ ಕಟ್ಟಿ ‘ಮಿರಮಿರ ಮಿಂಚಿಸುವ’ ಸೀಲರ್‌ಗಳನ್ನು ಕೊಳ್ಳಲೇಬೇಡಿ, ಓಡಾಟಕ್ಕೆ ಗೀರು ಬಿದ್ದು ನಡುದಾರಿ ಮಂಕಾಗುತ್ತದೆ.

ಸೀಲರ್ ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ. ಕೆಲಸ ಮುಗಿದಾಗ ಎರಡನ್ನೂ ಎತ್ತಿ, ನೆಲಕ್ಕೆ ಗಾಳಿಯಾಡಲು ಬಿಡಿ. ನ್ಯೂಸ್‌ಪೇಪರ್ ಹಾಸಿದರೆ ಒದ್ದೆಯಾದಾಗ ಶಾಯಿ ಕಲ್ಲಿಗೆ ಇಳಿಯುತ್ತದೆ.

ಹಂತ 2: ಸುಣ್ಣದ ಬಣ್ಣ

ಎಡವುವುದು ಇಲ್ಲೇ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಆಗಲೇ ಗೋಡೆಗೆ ಕಚ್ಚಿಕೊಳ್ಳುವುದು. ಅದಕ್ಕೆ ತೇವ ಬೇಕು, ನೀರು ಹೀರುವ ಗೋಡೆಯೂ ಬೇಕು. ಬರಿಯ ಸಿಮೆಂಟ್ ಗಾರೆಯ ಅಥವಾ ಸುಣ್ಣದ ಗಾರೆಯ ಗೋಡೆಯಾದರೆ ಸರಿ. ಎಮಲ್ಷನ್ ಅಥವಾ ಅಕ್ರಿಲಿಕ್ ಪುಟ್ಟಿಯ ಮೇಲೆ ನೇರವಾಗಿ ಹಚ್ಚಿದರೆ ಹಕ್ಕಳೆಯಾಗಿ ಉದುರುತ್ತದೆ. ಅದನ್ನು ಕೆರೆದು ತೆಗೆಯಿರಿ, ಇಲ್ಲವೇ ಸುಣ್ಣ ಕಚ್ಚಿಕೊಳ್ಳಲು ನೆರವಾಗುವ ತಳಪದರ, ಅಂದರೆ ಮಿನರಲ್ ಪ್ರೈಮರ್ ಹಚ್ಚಿ.

ಬಣ್ಣಕ್ಕೆ ಸುಣ್ಣದಲ್ಲಿ ಕೆಡದ ಖನಿಜ ವರ್ಣಗಳನ್ನೇ ಬಳಸಿ, ಸುಣ್ಣದ ತೂಕದ ಶೇ 5 ಮೀರದಿರಲಿ. ಹೆಚ್ಚಾದರೆ ಮುಟ್ಟಿದ ಕೈಗೆಲ್ಲ ಬಣ್ಣ. ಇಡೀ ಪ್ಯಾಸೇಜ್‌ಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿಕೊಳ್ಳಿ. ಎರಡನೇ ಬಕೆಟ್‌ನಲ್ಲಿ ಅದೇ ಬಣ್ಣ ಮತ್ತೆ ಬರುವುದಿಲ್ಲ. ಹದ ಹಾಲಿನಷ್ಟು ತೆಳುವಾಗಿರಲಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ.

ಗೋಡೆಗೆ ನೀರು ಚಿಮುಕಿಸಿ, ಹನಿ ಇಳಿಯದಷ್ಟು ತೇವ ಮಾಡಿ. ಅಗಲ ಬ್ರಶ್‌ನಿಂದ ಅಡ್ಡಾದಿಡ್ಡಿ, ಒಂದರ ಮೇಲೊಂದು ಹಾಯುವಂತೆ ಎಳೆಯಿರಿ. ರೋಲರ್ ಬೇಡ, ಸುಣ್ಣದ ಗೋಡೆಯ ಏರಿಳಿತದ ಛಾಯೆಯೇ ಅದರಲ್ಲಿ ಸಾಯುತ್ತದೆ. ಒಂದು ಗೋಡೆ ಹಿಡಿದರೆ ಮೂಲೆಯಿಂದ ಮೂಲೆಗೆ ಮುಗಿಸಿಯೇ ನಿಲ್ಲಿಸಿ. ನಡುವೆ ಬಿಟ್ಟರೆ ಅಂಚು ಒಣಗಿ ಪಟ್ಟೆ ಉಳಿಯುತ್ತದೆ. ಮೊದಲ ಕೋಟ್ ಹಸಿಯಾಗಿದ್ದಾಗ ಏನೂ ಹಚ್ಚಿಲ್ಲವೇನೋ ಎಂಬಂತೆ ಕಾಣುತ್ತದೆ. ಗಾಬರಿಯಾಗಿ ದಪ್ಪಗೆ ಬಳಿಯಬೇಡಿ, ಒಣಗುತ್ತಾ ತಾನೇ ಬೆಳ್ಳಗಾಗುತ್ತದೆ. ದಿನಕ್ಕೊಂದರಂತೆ ಮೂರು ತೆಳು ಕೋಟ್ ಸಾಕು. ಬೇಗ ಒಣಗಲೆಂದು ಫ್ಯಾನ್ ಹಾಕಿದರೆ ಸುಣ್ಣ ಪುಡಿಪುಡಿಯಾಗುತ್ತದೆ.

ನೆಲಕ್ಕೆ ಸಿಡಿದದ್ದನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ್ದರೆ ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಆಸಿಡ್, ವಿನೆಗರ್, ನಿಂಬೆಹಣ್ಣು ಹತ್ತಿರವೂ ಬರಬಾರದು. ಒಣಗಿದ ಸುಣ್ಣವೂ ಮಾರ್ಬಲ್ಲೂ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಎರಡನ್ನೂ ತಿನ್ನುತ್ತದೆ. ಸೀಲರ್ ಇದನ್ನು ತಡೆಯುವುದಿಲ್ಲ, ಬಿದ್ದ ಮಂಕು ಕಲೆ ಮತ್ತೆ ಪಾಲಿಶ್ ಮಾಡಿಸದೆ ಹೋಗುವುದಿಲ್ಲ.

ಹಂತ 3: ದೀಪ

2700 ಕೆಲ್ವಿನ್‌ನ ಬೆಚ್ಚನೆ ಬೆಳಕಿನ ವಾಲ್ ಲೈಟ್‌ಗಳು, ನೆಲದಿಂದ 165–170 ಸೆಂ.ಮೀ. ಎತ್ತರಕ್ಕೆ. ಸೀಲಿಂಗ್‌ನಲ್ಲಿ ಬಿಳಿ ಸ್ಪಾಟ್‌ಲೈಟ್ ಸಾಲು ಬೇಡವೇ ಬೇಡ. ವಯರಿಂಗ್ ಮಾತ್ರ ಸುಣ್ಣಕ್ಕೆ ಮೊದಲೇ ಮುಗಿದಿರಬೇಕು.

ಹಂತ 4: ಸಾಮಾನು

ಗೋಡೆಗೆ ತಾಗಿಸಿ ಇಡುವ ಕಿರಿದಾದ ಕನ್ಸೋಲ್ ಟೇಬಲ್ 30 ಸೆಂ.ಮೀ. ಆಳದ್ದಿರಲಿ, ಓಡಾಡಲು ಕನಿಷ್ಠ 90 ಸೆಂ.ಮೀ. ಉಳಿಯಲಿ. ಮೇಲಿನ ಕನ್ನಡಿ ಟೇಬಲ್ ಅಗಲದ ಮೂರನೇ ಎರಡರಷ್ಟು. ಕಬ್ಬಿಣದ ಕಾಲುಗಳ ಅಡಿಗೆ ಫೆಲ್ಟ್ ಅಂಟಿಸಿ, ನೆಲ ಒರೆಸುವಾಗ ನೀರು ನಿಲ್ಲದಂತೆ ನೋಡಿಕೊಳ್ಳಿ. ತುಕ್ಕಿನ ಕಲೆ ಮಾರ್ಬಲ್‌ನಿಂದ ತೆಗೆಯುವುದು ಬಲು ಕಷ್ಟ. ಮಣ್ಣಿನ ಕುಂಡ ನೀರು ಜಿನುಗಿಸುತ್ತದೆ, ಗ್ಲೇಜ್ ಮಾಡಿದ ತಟ್ಟೆ ಮತ್ತು ಸ್ಟ್ಯಾಂಡ್ ಮೇಲೆ ಇಡಿ. ಆಲಿವ್ ಗಿಡ ಬಿಸಿಲಿಲ್ಲದ ಪ್ಯಾಸೇಜ್‌ನಲ್ಲಿ ಎಲೆ ಉದುರಿಸುತ್ತದೆ, ಅದರ ಬದಲು ಸ್ನೇಕ್ ಪ್ಲಾಂಟ್ ಇಡಿ.

ಉದ್ದನೆಯ ರನ್ನರ್ (ಕಿರಿದಾದ ನೆಲಹಾಸು) ಹಾಸುವುದಾದರೆ ಎರಡೂ ಬದಿಗೆ 10–15 ಸೆಂ.ಮೀ. ಕಲ್ಲು ಕಾಣಲಿ. ಅದು ಜಾರದಂತೆ ಅಡಿಗೆ ಹಾಕುವ ಅಗ್ಗದ ಪಿವಿಸಿ ಜಾಲರಿ ಪ್ಯಾಡ್ ತಿಂಗಳುಗಟ್ಟಲೆ ಒಂದೇ ಕಡೆ ಇದ್ದರೆ ಕಲ್ಲಿಗೆ ಅಂಟಿ ಹಳದಿ ಗುರುತು ಬಿಡಬಹುದು. ಫೆಲ್ಟ್‌ಗೆ ನೈಸರ್ಗಿಕ ರಬ್ಬರ್ ಸೇರಿಸಿದ ಪ್ಯಾಡ್ ತನ್ನಿ, ವಾರಕ್ಕೊಮ್ಮೆ ಎತ್ತಿ ಅಡಿಯ ಮರಳು ಗುಡಿಸಿ. ಮಾರ್ಬಲ್‌ಗೆ ಗೀರು ಹಾಕುವುದು ಆ ಮರಳೇ.